ಬಿಸಿ ಕೇಕು ಕತ್ತರಿಸಬಾರದು

ಇದೇನು ವಾಸನೆ — ಇಲ್ಲಿರಬಾರದ ವಾಸನೆ ಇದು, ವೆನಿಲಾ ಎಸೆನ್ಸಿನ ಕೆಳಗೆ ಅವಿತು ಕೂತಿದ್ದದ್ದು ಚಾಕು ಇಳಿದ ಕೂಡಲೇ ಹಬೆಯ ಜೊತೆ ಎದ್ದು ಬಂದು ಇಂದ್ರಮ್ಮನ ಮೂಗಿಗೆ ಬಡಿಯಿತು, ಎಲ್ಲೋ ಮೂಸಿದ್ದು, ಈಚೆಗೇ ಮೂಸಿದ್ದು, ಆದರೆ ತನ್ನ ಅಡುಗೆಮನೆಯಲ್ಲಂತೂ ಅಲ್ಲ, ಅಲ್ಲಿ ಮೊಸರು ತುಪ್ಪ ಏಲಕ್ಕಿ ಬಿಟ್ಟರೆ ಬೇರೆ ವಾಸನೆ ಹುಟ್ಟಿದ್ದೇ ಇಲ್ಲ — ಬೇಗ ಆಗ್ಲಿ ಅತ್ಗೆ, ರಾಹುಕಾಲ ಬಂದ್ಬುಡ್ತದೆ, ಅವ್ವಂಗೆ ಮೊದ್ಲು ತಿನ್ಸಿ, ಹಿಂದಿನಿಂದ ಮೈದುನ ಸಿದ್ದರಾಮು ಅವಸರ ಮಾಡುತ್ತಿದ್ದಾನೆ, ಅವನ ಹೆಂಡತಿ ಲತ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಾಳೆ, ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತೆ ಮಾದಮ್ಮ, ಹಣೆ ತುಂಬ ವಿಭೂತಿ, ಮೊದಲ ತುತ್ತು ಹಿರಿಯರಿಗೆ ಎಂದು ಎಲ್ಲರೂ ಹೇಳಿದ್ದಕ್ಕೆ ನಾಚಿಕೊಂಡೇ ಬಾಯಿ ತೆರೆದಿದ್ದಾಳೆ, ಅವಳ ಕುರ್ಚಿಯ ಹಿಂದೆ ಗಂಡ ಅಂದಾನಯ್ಯ ಇಸ್ತ್ರಿ ಶರಟು ತೊಟ್ಟು ನಿಂತಿದ್ದಾರೆ, ಮಠದ ಅಯ್ಯನವರು ಪಾದಪೂಜೆ ಮುಗಿಸಿಕೊಂಡು ಒಳಗಿನ ಮಂಚದ ಮೇಲೆ ಕೂತಿದ್ದಾರೆ, ಹೊರಗೆ ಮೈಸೂರು ರಸ್ತೆಯಲ್ಲಿ ಬಸ್ಸುಗಳು ಹಾರನ್ನು ಹೊಡೆದುಕೊಂಡು ಹೋಗುತ್ತಿವೆ, ಶ್ರೀರಂಗಪಟ್ಟಣದ ಹೊಳೆ ದಾಟಿ ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂದು ಇವತ್ತು ಬಾಗಿಲು ತೆರೆಯುತ್ತಿರುವ ಈ ಹೊಸ ಅಂಗಡಿಯ ಮುಂದೆ ನೆಟ್ಟ ಬೋರ್ಡಿನಲ್ಲಿ ಹಸಿರು ಅಕ್ಷರ, ಇಂದ್ರಮ್ಮನವರ ಕೇಕು ಮತ್ತು ಊಟದ ಮನೆ, ಕೆಳಗೆ ಸಣ್ಣದಾಗಿ, ಮೊಟ್ಟೆ ಸೋಕದ ಕೈ, ಆ ಮಾತು ತಾನೇ ಹೇಳಿ ಬರೆಸಿದ್ದು — ಬಿಸಿ ಕೇಕು ಕತ್ತರಿಸಬಾರದು, ಅದನ್ನೂ ಊರಿಗೆಲ್ಲ ಹೇಳಿಕೊಟ್ಟವಳು ತಾನೇ, ಬೇಯಿಸಿ ಬಟ್ಟೆ ಮುಚ್ಚಿಟ್ಟು ಮಾರನೆಯ ದಿನ ಕತ್ತರಿಸಿದರೇ ಚೆಂದ, ಇವತ್ತು ಮಾತ್ರ ನಸುಕಿನಿಂದ ಕರೆಂಟಿಲ್ಲದೆ ಓವನ್ನು ತಣ್ಣಗೆ ಕೂತಿತ್ತು, ನೆಂಟರೆಲ್ಲ ಬಂದ ಮೇಲೆ ಬೆಂದದ್ದು ಈಗ ಮೇಜಿನ ಮೇಲೆ ಹಬೆಯಾಡುತ್ತಿದೆ, ಆ ಹಬೆಯಲ್ಲಿ — ಆಸ್ಪತ್ರೆ, ಹೌದು, ಮಗಳು ರಂಜಿತಳ ಹೆರಿಗೆ, ಹೋದ ತಿಂಗಳು, ಪಕ್ಕದ ಮಂಚದಲ್ಲಿ ಅರಕೆರೆಯ ಮಾರಮ್ಮ, ಒಳ್ಳೆಯ ಹೆಂಗಸು, ಮಗು ಅತ್ತರೆ ತನ್ನ ನೋವು ಮರೆತು ಎದ್ದು ತೂಗುತ್ತಿದ್ದವಳು, ಬೆಳಿಗ್ಗೆ ಗಂಡ ಬಟ್ಟೆಯಲ್ಲಿ ಸುತ್ತಿ ತಂದದ್ದನ್ನು ಮಂಚದ ಸರಳಿಗೆ ಕುಟ್ಟಿ ಸಿಪ್ಪೆ ಬಿಡಿಸುತ್ತಿದ್ದಳು, ನಿಮ್ ಮಗಳ್ಗೂ ಒಂದ್ ಕೊಡ್ಲಾ ಅಕ್ಕೋ, ಬಾಣ್ತಿಗೆ ಬಲ ಬತ್ತದೆ, ಬ್ಯಾಡ ಕಣವ್ವ, ನಾವು ಲಿಂಗ ಕಟ್ಟಿರೋ ಜನ, ತಿನ್ನಾಕಿಲ್ಲ, ಎಂದು ಮುಖ ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು ಇಂದ್ರಮ್ಮ, ನಲವತ್ತು ದಾಟಿದವಳಿಗೆ ಮೊಟ್ಟೆಯ ವಾಸನೆ ಹೀಗಿರುತ್ತದೆ ಎಂದು ತಿಳಿದದ್ದೇ ಆ ವಾರ್ಡಿನಲ್ಲಿ. ಅದೇ ವಾಸನೆ ಈಗ ಅವಳ ಚಾಕುವಿನ ತುದಿಯಲ್ಲಿದೆ.

ಇಲ್ಲ, ಇರಲಾರದು, ಮೂಗಿಗೇನು ಗೊತ್ತು, ಮೂಗು ಸುಳ್ಳು ಹೇಳುತ್ತದೆ, ನಾಲಿಗೆ ಹೇಳುವುದಿಲ್ಲ, ತನ್ನ ನಾಲಿಗೆ ಎಂದೂ ಹೇಳಿಲ್ಲ — ಕಿಕ್ಕೇರಿಯಿಂದ ಪಾಂಡವಪುರಕ್ಕೆ ಸೊಸೆಯಾಗಿ ಬಂದಾಗ ರೊಟ್ಟಿ ತಟ್ಟುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಮಧ್ಯಾಹ್ನ ರೇಡಿಯೊದಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಕೇಕು ಮಾಡುವುದು ಹೇಗೆ ಎಂದು ಹೇಳಿದಳು, ಎರಡು ಮೊಟ್ಟೆ ಎಂದಾಗ ಇಂದ್ರಮ್ಮ ರೇಡಿಯೊ ಆರಿಸಿಬಿಟ್ಟಳು, ಆರಿಸಿದವಳು ಸುಮ್ಮನಾಗಬೇಕಲ್ಲ, ಆಗಲಿಲ್ಲ, ಮೊಟ್ಟೆ ಯಾಕೆ ಬೇಕು, ಉಬ್ಬುವುದಕ್ಕೆ ತಾನೇ, ಇಡ್ಲಿ ಉಬ್ಬುವುದಿಲ್ಲವೇ, ಹುಳಿ ಮೊಸರಿಗೆ ಸೋಡ ಬಿದ್ದರೆ ಪಾತ್ರೆ ತುಂಬ ನೊರೆ ಏಳುವುದಿಲ್ಲವೇ, ಹೊಳೆಯ ಮರಳು ಜರಡಿ ಹಿಡಿದು ಡಬರಿಯೊಳಗೆ ತುಂಬಿ, ಡಾಲ್ಡಾ ಡಬ್ಬ ಕತ್ತರಿಸಿ ಅದರೊಳಗೆ ಹಿಟ್ಟು ಹೊಯ್ದು, ಕೆಳಗೆ ಸೀಮೆಎಣ್ಣೆ ಸ್ಟವ್ವು, ಮೇಲೆ ಮುಚ್ಚಳದ ತುಂಬ ಕೆಂಡ, ಮೊದಲನೆಯದು ಇದ್ದಿಲಾಯಿತು, ಎರಡನೆಯದು ಒಳಗೆ ಗಂಜಿ, ನೆರೆಮನೆಯವರು ಏನವ್ವಾ ಇಂದ್ರಮ್ಮ ಮರಳು ಬೇಯ್ಸಿ ಇಕ್ಕೀಯಾ ಗಂಡಂಗೆ ಎಂದು ನಕ್ಕರು, ಮೂರನೆಯದನ್ನೋ ನಾಲ್ಕನೆಯದನ್ನೋ ತೆಗೆದಾಗ ಬೀದಿಗೆಲ್ಲ ಘಮ, ನಕ್ಕವರೇ ತಟ್ಟೆ ಹಿಡಿದುಕೊಂಡು ಬಂದರು, ಗಂಡ ಅಂದಾನಯ್ಯ ಒಂದು ಚೂರು ಬಾಯಿಗೆ ಹಾಕಿಕೊಂಡು ಇನ್ನೊಂದಕ್ಕೆ ಕೈ ಚಾಚಿದ್ದರು, ಆ ಚಾಚಿದ ಕೈ ನೋಡಿ ಎಷ್ಟು ಸಂತೋಷವಾಗಿತ್ತು ಅವಳಿಗೆ, ಆದರೆ ಅತ್ತೆ ಮುಟ್ಟಲಿಲ್ಲ, ಅತ್ತೆ ಎಂದರೆ ಮದುವೆ ಮನೆಗೂ ಸೆರಗಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗುವವಳು, ಹೋಟೆಲ್ಲಿನ ನೀರನ್ನೂ ಕುಡಿಯದವಳು, ಇದ್ಕೆ ಮೊಟ್ಟೆ ಆಕ್ತಾರಂತಲ್ಲವ್ವಾ, ನಾನ್ ಆಕಿಲ್ಲ ಅತ್ತೆ, ಅಂಗಾರೆ ಆಣೆ ಮಾಡು ನೋಡಾನ, ಇಂದ್ರಮ್ಮ ಕೈ ತೊಳೆದು ಬಂದು ಕೊರಳ ಲಿಂಗವನ್ನು ಬಿಚ್ಚಿ ಎಡಗೈ ಅಂಗೈಯಲ್ಲಿಟ್ಟುಕೊಂಡಳು, ನಾನು ಮಾಡೋ ಕೇಕಿಗೆ ಮೊಟ್ಟೆ ಸೋಕಿದ್ರೆ ಆ ಪಾಪ ನಂಗಿರ್ಲಿ, ನಿಮ್ಗೆ ಬ್ಯಾಡ, ಅತ್ತೆ ಅವಳ ಅಂಗೈಯನ್ನೇ ಬಹಳ ಹೊತ್ತು ನೋಡಿ ಬಾಯಿ ತೆರೆದಿದ್ದಳು, ಆಗ ಹಲ್ಲು ಇನ್ನೂ ಇದ್ದವು, ಅಗಿದು ಅಗಿದು ನುಂಗಿ, ಚೆಂದಾಗದೆ ಕಣೆ ಮಗ, ಇನ್ನೊಂದ್ ಚೂರ್ ಕೊಡು ಅಂದಿದ್ದಳು, ಅವತ್ತಿನಿಂದ ಹೋದ ಕಡೆಯಲ್ಲೆಲ್ಲ ನನ್ ಸೊಸೆ ನಾಲ್ಗೆ ಮ್ಯಾಲೆ ಲಿಂಗ ಅದೆ ಎಂದು ಸಾರಿಕೊಂಡು ಬಂದವಳು ಅತ್ತೆಯೇ, ಕೆ.ಆರ್. ಪೇಟೆಯಲ್ಲಿ ನಾದಿನಿಯ ಮಗನ ಮದುವೆಯಲ್ಲಿ ತಾನು ಬುತ್ತಿ ಉಂಡು ನೆಂಟರಿಗೆಲ್ಲ ಸೊಸೆಯ ಕೇಕು ಹಂಚಿದವಳೂ ಅತ್ತೆಯೇ. ಅವಳ ಬಾಯಿಮಾತಿನ ಮೇಲೇ ವ್ಯಾಪಾರ ಕುದುರಿತು, ಬೇರೆ ಜಾಹೀರಾತು ಇಂದ್ರಮ್ಮನಿಗೆ ಬೇಕಾಗಲೇ ಇಲ್ಲ.

ತಿನ್ಸಿ ಅತ್ಗೆ, ಕ್ಯಾಮ್ರಾದವ್ರು ಕಾಯ್ತಾವ್ರೆ — ತಿನ್ನಿಸುತ್ತೇನೆ ತಡಿ, ಚಾಕುವಿಗೆ ಮೆತ್ತಿಕೊಂಡಿದೆ, ಎಷ್ಟು ಮೆತ್ತಗಿದೆ ನೋಡು, ಹತ್ತಿಯ ಹಾಗೆ, ತನ್ನ ಕೇಕು ಹೀಗೆ ಯಾವತ್ತಿತ್ತು, ಮೊದಲು ಇರಲಿಲ್ಲ, ಮೊದಲು ರುಚಿಯಿತ್ತು ಆದರೆ ಎರಡನೆಯ ದಿನಕ್ಕೆ ಗಟ್ಟಿ, ಗೋಡೆಗೆ ಎಸೆದರೆ ಗೋಡೆ ಬೀಳಬೇಕು, ನಾಗಮಂಗಲದ ಕೇಕು ನೆನಪಾದರೆ ಈಗಲೂ ಮೈ ಉರಿಯುತ್ತದೆ, ಮೇಷ್ಟರ ಮೊಮ್ಮಗಳ ಹುಟ್ಟುಹಬ್ಬ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂಸಿನ ಹಾಗೆ ಕಾಪಾಡಿ ತಂದಿದ್ದು, ಮುಚ್ಚಳ ತೆಗೆದರೆ ನಡುವೆ ಹೊಂಡ, ಮೇಷ್ಟರ ಹೆಂಡತಿ ಹತ್ತು ಜನರ ಎದುರಿಗೆ ಇದೇನಮ್ಮ ಇಟ್ಟಿಗೆ ತಂದಿದೀರಿ, ನಾವು ಮನೆ ಕಟ್ಟೋದು ಮುಗ್ದೈತೆ ಎಂದಳು, ಎಲ್ಲರೂ ನಕ್ಕರು, ಹುಟ್ಟುಹಬ್ಬದ ಮಗು ಕೂಡ ನಕ್ಕಿತು, ವಾಪಸು ಬರುವ ಬಸ್ಸಿನಲ್ಲಿ ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು, ಇನ್ನು ಒಲೆ ಹಚ್ಚುವುದಿಲ್ಲ ಎಂದು ಅಡುಗೆಮನೆಯಲ್ಲಿ ಕೂತವಳನ್ನು ಎಬ್ಬಿಸಿದವರು ಇವರಿಬ್ಬರೇ, ಸಿದ್ದರಾಮು ಮತ್ತು ಲತ, ಅಳ್ಬ್ಯಾಡಿ ಅತ್ಗೆ, ಮರಳಲ್ಲಿ ಎಷ್ಟ್ ದಿನ ಬೇಯ್ಸೀರಿ, ನಾನ್ ಕರೆಂಟ್ ಓವನ್ ತಂದ್ಕೊಡ್ತೀನಿ, ಲತ ಪಕ್ಕದಲ್ಲಿ ಕೂತು ಭುಜ ಒತ್ತುತ್ತಿದ್ದಳು, ಅಕ್ಕಾ ನಿಮ್ಗೆ ಕೈ ನೋವು, ಇನ್ಮೇಲೆ ಕಲ್ಸೋದು ನಂಗೆ ಬುಡಿ, ನೀವು ಅಳತೆ ಹೇಳಿ ಸಾಕು, ಅದಕ್ಕಿಂತ ಒಡಹುಟ್ಟು ಇನ್ನೇನು ಬೇಕು, ಹೊಸ ಓವನ್ನಿನಲ್ಲಿ ಮೊದಲ ಕೇಕು ಇಡುವ ಮೊದಲು ಇಂದ್ರಮ್ಮ ಮಾದಪ್ಪನ ಬೆಟ್ಟಕ್ಕೆ ಹೋಗಿ ಹರಕೆ ಹೊತ್ತು ಬಂದಳು, ಕೇಕು ಎದ್ದರೆ ಉರುಳುಸೇವೆ ಮಾಡುತ್ತೇನೆ ಎಂದು, ಯಾವ ಹೆಂಗಸು ದೇವರ ಹತ್ತಿರ ಕೇಕು ಏಳಲಿ ಎಂದು ಬೇಡಿದ್ದಾಳೋ ಗೊತ್ತಿಲ್ಲ, ಇವಳು ಬೇಡಿದಳು, ಕೇಕು ಎದ್ದಿತು, ಡಬ್ಬದ ಅಂಚು ಮೀರಿ ಎದ್ದು ನಿಂತಿತು, ಎರಡನೆಯ ದಿನಕ್ಕೂ ಬೆರಳಿಟ್ಟರೆ ಒಳಗೆ ಹೋಗಿ ಮತ್ತೆ ಮೇಲೆ ಬರುವಂಥದ್ದು, ಇಂದ್ರಮ್ಮ ಬೆಟ್ಟಕ್ಕೆ ಹೋಗಿ ಒದ್ದೆ ಸೀರೆಯಲ್ಲಿ ಕಲ್ಲು ಚಪ್ಪಡಿಯ ಮೇಲೆ ಗುಡಿ ಸುತ್ತ ಉರುಳಿದಳು, ಮೊಣಕೈ ತರಚಿ ರಕ್ತ ಬಂತು, ಆ ಗಾಯದ ಕಲೆ ಇವತ್ತಿಗೂ ಇದೆ, ಜೊತೆಗೆ ಬಂದಿದ್ದ ಲತ ಬಾಗಿ ಬಾಗಿ ಅವಳ ಸೀರೆ ಸರಿಮಾಡುತ್ತ ಸುತ್ತಿದ್ದಳು, ಆಮೇಲೆ ಎಲ್ಲರೂ ಕೈಗುಣ ಅಂದರು, ಇಂದ್ರಮ್ಮನ ಕೈಗುಣ, ಪಾಂಡವಪುರದ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಬಾಗಿಲಿನ ಅಂಗಡಿ ಆಯಿತು, ಮಠದ ಜಯಂತಿಗೆ, ಅಯ್ಯಂಗಾರರ ಮನೆಯ ನಾಮಕರಣಕ್ಕೆ, ಜೈನರ ಬೀದಿಗೆ, ಎಲ್ಲೆಲ್ಲಿ ಮೊಟ್ಟೆ ಹೊಸಿಲು ದಾಟುವುದಿಲ್ಲವೋ ಅಲ್ಲೆಲ್ಲ ಇವಳ ಕೇಕು ದಾಟಿತು, ಅವಳೂ ತನ್ನ ಕೈಯನ್ನು ತಾನೇ ನೋಡಿಕೊಂಡು ಹಿಗ್ಗಿದ್ದುಂಟು. ಆ ಹಿಗ್ಗು ಈಗ ಗಂಟಲಲ್ಲಿ ಹುಳಿ ತೇಗಿನ ಹಾಗೆ ಬರುತ್ತಿದೆ.

ನಾಗಮಂಗಲದಿಂದ ಬಂದ ಮೇಲೆ, ಅಲ್ಲವೇ, ಅವತ್ತಿನಿಂದಲೇ, ಹೊಸ ಓವನ್ನಿನ ಮೊದಲ ಕೇಕಿನಿಂದಲೇ — ಲತ ಯಾಕೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು, ಚಾಕು ನಿಂತದ್ದನ್ನು ನೋಡಿದ್ದಾಳೆ, ನೋಡಿ ತಿಳಿದುಕೊಂಡಿದ್ದಾಳೆ, ಕಲಸುವ ಕೋಣೆಗೆ ಬರ್ಬ್ಯಾಡಿ ಅಕ್ಕಾ, ಮೈದಾ ಧೂಳಿಗೆ ನಿಮ್ಗೆ ಕೆಮ್ಮು ಬತ್ತದೆ, ನೀವು ಗಲ್ಲಾ ಮ್ಯಾಲೆ ಕೂತ್ಕಂಡ್ರೇ ಅಂಗ್ಡಿಗೆ ಲಕ್ಷಣ, ಎಂಥ ಮುತ್ತಿನಂಥ ಮಾತು, ಲಕ್ಷಣವಾಗಿ ಕೂತಳಲ್ಲ ಇವಳು, ಹಿತ್ತಲ ಬಾಗಿಲಿಗೆ ನಾಯಿಗಳು ಯಾಕೆ ಮುತ್ತುತ್ತವೆ ಎಂದು ಕೇಳಿದರೆ ಕೆನೆ ವಾಸ್ನೆಗೆ ಅಕ್ಕಾ, ಮೊಟ್ಟೆ ಮಾರುವ ಕೆಂಪಣ್ಣ ಸೈಕಲ್ಲಿನ ಹಿಂದೆ ಒಂದರ ಮೇಲೊಂದು ಗುಂಡಿ ಗುಂಡಿಯ ರಟ್ಟು ಕಟ್ಟಿಕೊಂಡು ನಿಂತಿದ್ದನ್ನು ಕಂಡರೆ ಅದು ಪಕ್ಕದ ಮಿಲಿಟ್ರಿ ಹೋಟ್ಲಿಗೆ ಅತ್ಗೆ, ದಾರಿ ತಪ್ಪಿ ಇಲ್ ನಿಂತವ್ನೆ, ಖಾಲಿ ರಟ್ಟುಗಳು ಒಲೆಯ ಪಕ್ಕ ಬಿದ್ದಿದ್ದರೆ ಬೆಂಕಿ ಹಚ್ಚಾಕೆ ಅವ್ರೇ ಕೊಟ್ರು, ಬೂದು ಬಣ್ಣದ ಆ ರಟ್ಟುಗಳನ್ನು ಇಂದ್ರಮ್ಮನೇ ಎಷ್ಟು ಸಲ ಹರಿದು ಒಲೆಗೆ ಹಾಕಿಲ್ಲ, ಎಷ್ಟು ಚೆನ್ನಾಗಿ ಹತ್ತಿಕೊಳ್ಳುತ್ತವೆ ಎಂದು ಮೆಚ್ಚಿಕೊಂಡಿಲ್ಲ, ಕಣ್ಣಿದ್ದೂ ಕುರುಡಿ, ಊರಿಗೆಲ್ಲ ಗೊತ್ತಿರುವ ವಾಸನೆ ಇವಳೊಬ್ಬಳಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಇವಳ ಮಡಿ, ಆ ಮಡಿಯನ್ನೇ ಹಿಡಿದು ಆಡಿಸಿದರು — ಅಯ್ಯೋ, ಗೌರಿ ಹಬ್ಬಕ್ಕೆ ಕೊಟ್ಟದ್ದು, ಆಚಾರ್ರ ಮನೆಯ ಬಾಣಂತಿಗೆ ಕೊಟ್ಟದ್ದು, ಪೂಜೆ ಮುಗಿಯುವತನಕ ಹನಿ ನೀರು ಮುಟ್ಟದ ಅಯ್ಯನವರ ತಟ್ಟೆಗೆ ತನ್ನ ಕೈಯಾರೆ ಇಟ್ಟದ್ದು, ಅನುಮಾನಪಟ್ಟವರಿಗೆಲ್ಲ ಲಿಂಗದಾಣೆ ಅಂದದ್ದು, ಕೇಳದವರಿಗೂ ಅಂದದ್ದು, ಎಷ್ಟು ಸಲ ಅಂದದ್ದು, ಸುಳ್ಳು ಹೇಳಿದವರು ಅವರು, ಸುಳ್ಳಾದದ್ದು ಇವಳ ಬಾಯಿ, ಮೋಸ ಮಾಡಿದ್ದೇ ಆದರೆ ಬೇರೆ ಏನಾದರೂ ಮೋಸ ಮಾಡಬಹುದಿತ್ತಲ್ಲ, ಒಡವೆ ಕದಿಯಬಹುದಿತ್ತು, ಮನೆಯಿಂದ ಹೊರಗೆ ಹಾಕಬಹುದಿತ್ತು, ಅದನ್ನಾದರೂ ಅತ್ತು ಮರೆಯಬಹುದು, ಜೊತೆಗೆ ಆ ಕೈಗುಣ, ಅದೂ ಇಲ್ಲ ಅಂತಾಯಿತಲ್ಲ, ಎದ್ದದ್ದು ಕೇಕಲ್ಲ ಮೊಟ್ಟೆ, ಜನ ಹೊಗಳಿದ್ದು ಅವಳನ್ನಲ್ಲ ಕೆಂಪಣ್ಣನ ಸೈಕಲ್ಲನ್ನು, ತನ್ನದೆಂದು ಉಳಿದದ್ದು ನಾಗಮಂಗಲದ ಆ ಹೊಂಡ ಬಿದ್ದ ಇಟ್ಟಿಗೆ ಒಂದೇ. ಬೆಟ್ಟದ ಮೇಲೆ ಒದ್ದೆ ಸೀರೆ ಸರಿಮಾಡುತ್ತ ಸುತ್ತಿದಾಗ ಲತಳಿಗೆ ನಗು ಬಂದಿತ್ತೋ ಅಳು ಬಂದಿತ್ತೋ ಕೇಳಬೇಕು.

ಯಾಕವ್ವಾ ನಿಂತ್ಬುಟ್ಟೆ, ನಂಗ್ ಬಾಯ್ ನೋಯ್ತದೆ, ಅತ್ತೆ ಬಾಯಿ ಮುಚ್ಚಿ ನಕ್ಕು ಮತ್ತೆ ತೆರೆದಳು — ಮೇಲೊಂದು ಹಲ್ಲು, ಕೆಳಗೆರಡು, ನಡುವೆ ಒಣಗಿದ ನಾಲಿಗೆ, ಲಿಂಗಪೂಜೆಯಾಗಿ ಇನ್ನೂ ಏನೂ ತಿಂದಿಲ್ಲ, ಸೊಸೆಯ ಹೊಸ ಒಲೆಯದೇ ಮೊದಲ ತುತ್ತಾಗಲಿ ಎಂದು ಬೆಳಿಗ್ಗೆಯಿಂದ ಉಪವಾಸ ಕೂತಿದ್ದಾಳೆ, ಬಾಯಿ ಬಿಡಬೇಕು ಇಂದ್ರಮ್ಮ, ಈಗಲೇ, ಅತ್ತೆ ತಿನ್ಬ್ಯಾಡಿ ಅಂದರೆ ಸಾಕು, ಒಂದು ಮಾತು, ಅಂದರೆ ಏನಾಗುತ್ತದೆ, ತೋರಣ ಬಾಡುವ ಮೊದಲೇ ಬಾಗಿಲು ಮುಚ್ಚುತ್ತದೆ, ಅಯ್ಯನವರು ಮಂಚ ಬಿಟ್ಟು ಎದ್ದು ಹೋಗುತ್ತಾರೆ, ನೆಂಟರು ಹಿಂದೆ ತಿಂದದ್ದನ್ನು ನೆನೆದು ಅಂಗಳದಲ್ಲೇ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುತ್ತಾರೆ, ನಂಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ, ಕಲಸಿದ್ದು ನಾನಲ್ಲ ಅಂದರೆ ಬೋರ್ಡಿನಲ್ಲಿ ಯಾರ ಹೆಸರಿದೆಯವ್ವಾ ಅನ್ನುತ್ತಾರೆ, ರಂಜಿತಳ ಗಂಡನ ಮನೆಯವರು ಮೂರನೆಯ ಸಾಲಿನಲ್ಲಿ ಕೂತಿದ್ದಾರೆ, ಅತ್ತೆ, ಅತ್ತೆಗೆ ಇಷ್ಟು ದಿನ ತಿಂದದ್ದೂ ಅದೇ ಎಂದು ತಿಳಿದರೆ ಅವಳು ಮತ್ತೆ ಅನ್ನ ಮುಟ್ಟುತ್ತಾಳೆಯೇ, ಸುಮ್ಮನಿದ್ದರೆ, ಸುಮ್ಮನಿದ್ದರೆ ಇಷ್ಟು ದಿನ ಗೊತ್ತಿಲ್ಲದೆ ಮಾಡಿದ್ದನ್ನು ಇವತ್ತಿನಿಂದ ಗೊತ್ತಿದ್ದೂ ಮಾಡುವವಳಾಗುತ್ತಾಳೆ, ಪಾಪ ನಂಗಿರ್ಲಿ ಅಂದಿದ್ದಳಲ್ಲ, ಇವಳಿಗೇ ಇದೆ ತಗೊ — ಯಾರನ್ನು ಕೇಳಲಿ, ಗಂಡನನ್ನು, ಇನ್ನು ಯಾರನ್ನು, ಅವರೊಬ್ಬರಿದ್ದಾರಲ್ಲ, ಜಗಳ ಗೊತ್ತಿಲ್ಲದ ಮನುಷ್ಯ, ತಮ್ಮನ ಮುಂದೆ ಎದೆ ಕೊಟ್ಟು ನಿಲ್ಲಲಾರರು ನಿಜ, ಆದರೆ ತಾಯಿಯ ವಿಷಯ, ಆಚಾರದ ವಿಷಯ, ಇವಳು ತಲೆಯೆತ್ತಿ ಅತ್ತೆಯ ಕುರ್ಚಿಯ ಹಿಂದೆ ನೋಡಿದಳು, ಅಂದಾನಯ್ಯ ಕೇಕನ್ನೂ ನೋಡುತ್ತಿಲ್ಲ, ಹೆಂಡತಿಯನ್ನೂ ನೋಡುತ್ತಿಲ್ಲ, ತಮ್ಮ ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದಾರೆ, ರೀ, ಎಂದಳು ಕಣ್ಣಿನಲ್ಲೇ, ನೋಡಲಿಲ್ಲ, ಯಾಕೆ ನೋಡುವುದಿಲ್ಲ, ಈ ಮನುಷ್ಯ ಕೇಕಿನ ಕಡೆ ನೋಡಿ ಎಷ್ಟು ದಿನವಾಯಿತು — ಎಷ್ಟು ದಿನವಾಯಿತು, ತಟ್ಟೆಯಲ್ಲಿಟ್ಟರೆ ಅತ್ತ ಸರಿಸುತ್ತಿದ್ದರು, ಬ್ಯಾಡ ಕಣೆ ನಂಗೆ ಸಕ್ಕರೆ ಕಾಯ್ಲೆ ಸುರುವಾಗೈತೆ, ಯಾವ ಡಾಕ್ಟರು ಹೇಳಿದ್ದು ಎಂದು ಕೇಳಿದರೆ ಎದ್ದು ಹೋಗುತ್ತಿದ್ದರು, ಬೆಳಿಗ್ಗೆ ಕಾಫಿಗೆ ಮಾತ್ರ ಅದೇ ಎರಡು ಚಮಚ, ಯುಗಾದಿಗೆ ನಾಲ್ಕು ಹೋಳಿಗೆ, ಪಾಂಡವಪುರದ ಅಂಗಡಿ ತೆರೆದ ವರ್ಷದಿಂದ ಹೆಂಡತಿಯ ಕೇಕಿಗೆ ಮಾತ್ರ ಸಕ್ಕರೆ ಕಾಯಿಲೆ ಈ ಮನುಷ್ಯನಿಗೆ.

ಚೂರನ್ನು ಎತ್ತಿಕೊಂಡಳು, ಬಿಸಿಗೆ ಬೆರಳು ಸುಟ್ಟಿತು, ಅತ್ತೆಯ ಬಾಯಿಯ ಹತ್ತಿರ ಹೋದ ಕೈ ಹೋದಷ್ಟೇ ಮೇಲಕ್ಕೆದ್ದು ಕುರ್ಚಿಯ ಬೆನ್ನು ದಾಟಿ ಗಂಡನ ಮುಖದ ಎದುರು ನಿಂತಿತು, ಮೊದ್ಲು ನೀವು ತಿನ್ನಿ — ನಾಲ್ಕು ಜನರ ಎದುರು ಗಂಡನಿಗೆ ಎಂದೂ ಕೈತುತ್ತು ಇಟ್ಟವಳಲ್ಲ, ನೆಂಟರೆಲ್ಲ ಗೊಳ್ಳೆಂದರು, ಓಹೋಹೋ ಅಂದಾನಣ್ಣ, ಮದ್ವೆ ಗಂಡು ಆಗ್ಬುಟ್ಟೆ ಕಣ್ಲಾ, ಯಾರೋ ಸಿಳ್ಳೆ ಹಾಕಿದರು, ಕ್ಯಾಮೆರಾ ಫಳ್ಳೆಂದಿತು, ಸಿದ್ದರಾಮು ನಗಲಿಲ್ಲ, ಲತ ನಗಲಿಲ್ಲ, ಅಂದಾನಯ್ಯ ನಗಲಿಲ್ಲ, ತುಟಿ ಬಿಗಿಹಿಡಿದ, ಬಲಗೈ ತಾನಾಗಿ ಎದೆಯ ಹತ್ತಿರ ಹೋಗಿ ಶರಟಿನೊಳಗಿನ ಲಿಂಗವನ್ನು ಅದುಮಿಕೊಂಡಿತು, ಬಿಗಿಹಿಡಿದ ತುಟಿಯ ಸಂದಿಯಿಂದಲೇ, ನಂಗ್ ಬ್ಯಾಡ, ಅವ್ವಂಗೆ ತಿನ್ಸು, ಎಂದ — ಅವ್ವಂಗೆ ತಿನ್ಸು, ಗೊತ್ತಿದ್ದು ಹೇಳಿದ, ತನ್ನ ಬಾಯಿ ಕಾಪಾಡಿಕೊಂಡು ಹೆತ್ತವಳ ಬಾಯಿ ತೋರಿಸಿದ, ಇಷ್ಟು ವರ್ಷ ತೋರಿಸಿಕೊಂಡೇ ಬಂದ, ಹೆಂಡತಿ ಆಣೆಯಿಡುವಾಗಲೆಲ್ಲ ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದ, ಅವನು, ಅವನು — ಅದೇನ್ಲಾ ಅಂದಾನಿ, ನಾಚ್ಕೆ ಬ್ಯಾರೆ ನಿಂಗೆ, ಕೊಡವ್ವಾ ಇತ್ಲಾಗೆ, ನಿನ್ ಕೈಯಿಂದ ನಾನ್ ತಿಂತೀನಿ, ಅತ್ತೆ ಕತ್ತು ಹಿಂದಕ್ಕೆ ವಾಲಿಸಿ ಅವಳ ಕೈಯನ್ನೇ ನೋಡುತ್ತ, ಕೈ ಎಲ್ಲಿ ನಿಂತಿದೆಯೋ ಅದರ ನೇರ ಕೆಳಗೆ, ಬಾಯಿ ತೆರೆದಳು, ಚೂರಿನಿಂದ ಒಂದು ಪುಡಿ ಉದುರಿ ಅವಳ ಗಲ್ಲದ ಮೇಲೆ ಬಿತ್ತು, ಮೇಲೊಂದು ಹಲ್ಲು, ಕೆಳಗೆರಡು, ಚೂರು ಇನ್ನೂ ಇಂದ್ರಮ್ಮನ ಬೆರಳುಗಳ ನಡುವೆಯೇ ಇದೆ, ಒಣಗಿದ ನಾಲಿಗೆ ತುದಿ ಸ್ವಲ್ಪ ಮುಂದೆ ಬಂದಿದೆ, ಬಾಯಿ ತೆರೆದಿದೆ, ಬಾಯಿ ಇನ್ನೂ ತೆರೆದಿದೆ